ರೇಡಿಯೋ ಲೈಸೆನ್ಸ್ ಹೋಯ್ತು, ದುಡ್ಡು ಕಟ್ಟೋದು ಹೋಗಲಿಲ್ಲ



ಈಗಿನ ಹುಡುಗರು ನಂಬಲ್ಲ, ಒಂದು ಕಾಲಕ್ಕೆ ಮನೇಲಿ ರೇಡಿಯೋ ಇಟ್ಕೊಳ್ಳೋಕೂ ಲೈಸೆನ್ಸ್ ಬೇಕಿತ್ತು. 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಕಾಯ್ದೆ ಅದಕ್ಕೆ ಆಧಾರ. ವರ್ಷ ವರ್ಷ ಲೈಸೆನ್ಸ್ ಪುಸ್ತಕ ಹಿಡ್ಕೊಂಡು ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಬೇಕಿತ್ತು. ಒಂದೇ ತರದ ಸೆಟ್ ಇದ್ರೆ ಜಮೀನ್ದಾರನಿಗೂ ಕೂಲಿಯವನಿಗೂ ಒಂದೇ ಶುಲ್ಕ. ಇದನ್ನ ಸಮಾನತೆ ಅನ್ನೋಕಾಗುತ್ತಾ?

1985ರಲ್ಲಿ ಲೈಸೆನ್ಸ್ ರದ್ದಾಯ್ತು. 1990ರ ಪ್ರಸಾರ ಭಾರತಿ ಕಾಯ್ದೆ 1997ರಲ್ಲಿ ಜಾರಿಗೆ ಬಂತು. ಹೆಸರಿಗೆ ಸ್ವಾಯತ್ತ ಸಂಸ್ಥೆ, ಸಂಬಳದ ದುಡ್ಡು ಮಾತ್ರ ಕೇಂದ್ರದ ಬಜೆಟ್ಟಿಂದ. ದುಡ್ಡಿನ ಗಂಟು ಯಾರ ಕೈಲಿದೆಯೋ ಮಾತೂ ಅವರದ್ದೇ ನಡೆಯೋದು.

ಆ ಬಜೆಟ್ಟಿಗೆ ದುಡ್ಡು ಎಲ್ಲಿಂದ? ಹೂಡಿ ಸುತ್ತ ಐಟಿ ಕಂಪನಿಗಳಲ್ಲಿ ಹೌಸ್‌ಕೀಪಿಂಗ್ ಮಾಡೋ ನಮ್ಮ ಅಕ್ಕಂದಿರು ಮೊಬೈಲ್ ರೀಚಾರ್ಜ್‌ಗೆ 18% ಜಿಎಸ್‌ಟಿ ಕಟ್ತಾರೆ. ಅಂದ್ರೆ ಆಕಾಶವಾಣಿಗೆ ಅವರು ಇವತ್ತಿಗೂ ಕಟ್ತಾನೇ ಇದ್ದಾರೆ, ರಶೀದಿ ಸಿಗಲ್ಲ ಅಷ್ಟೆ.

ಹಳೇ ಲೈಸೆನ್ಸ್ ವಾಪಸ್ ಬೇಡ. ಫಿನ್ಲೆಂಡ್‌ನಲ್ಲಿ 2013ರಿಂದ ಆದಾಯ ನೋಡಿ ಪ್ರಸಾರ ತೆರಿಗೆ ಹಾಕ್ತಾರೆ. ಕಮ್ಮಿ ಸಂಪಾದನೆಯವರು ಏನೂ ಕಟ್ಟಬೇಕಿಲ್ಲ. ಆ ಹಣ ಪ್ರತ್ಯೇಕ ನಿಧಿಗೆ ಹೋಗುತ್ತೆ. ನಮಗೆ ಬೇಕಿರೋದು ಇಂಥದ್ದು: ಉಳ್ಳವರು ಹೆಚ್ಚು ಕೊಡಲಿ, ಹಣ ಮಂತ್ರಿಗಳ ಕೈಯಿಂದ ಹೊರಗಿರಲಿ.

ಜೊತೆಗೆ ಒಂದು ಲೆಕ್ಕ ಕೇಳೋಣ. ನಮ್ಮ ದುಡ್ಡಲ್ಲಿ ನಡೆಯೋ ಮೈಕಿನ ಮುಂದೆ ಕೂರೋರಲ್ಲಿ ನಮ್ಮ ಕೇರಿಯವರು ಎಷ್ಟು ಜನ?