ಸೂಪರ್ ಮಾರಿಯೊ 64: ವಿಮರ್ಶೆಯ ಇತಿಹಾಸ

ಸೂಪರ್ ಮಾರಿಯೊ 64 ಜಪಾನಿನ ನಿಂಟೆಂಡೊ ಕಂಪನಿ 1996ರಲ್ಲಿ ಹೊರತಂದ ವಿಡಿಯೊ ಗೇಮ್. ಓಡುತ್ತ, ಜಿಗಿಯುತ್ತ, ಅಡೆತಡೆ ದಾಟುತ್ತ ಸಾಗುವ ಈ ಬಗೆಯ ಆಟಗಳಿಗೆ ‘ಪ್ಲಾಟ್‌ಫಾರ್ಮ್’ ಆಟಗಳೆಂದು ಹೆಸರು. ನಿಂಟೆಂಡೊ 64 ಕನ್ಸೋಲಿನ ಜೊತೆಗೇ ಜೂನ್ 23ರಂದು ಜಪಾನಿನಲ್ಲಿ, ಸೆಪ್ಟೆಂಬರ್ ಕೊನೆಗೆ ಅಮೆರಿಕದಲ್ಲಿ, ಮರುವರ್ಷದ ಮಾರ್ಚ್‌ನಲ್ಲಿ ಯುರೋಪಿನಲ್ಲಿ ಮಾರಾಟಕ್ಕೆ ಬಂತು. ನಿರ್ದೇಶನ ಶಿಗೆರು ಮಿಯಾಮೊಟೊ ಅವರದು, ಸಂಗೀತ ಕೋಜಿ ಕೊಂಡೊ ಅವರದು. ಆಟದಲ್ಲಿ ರಕ್ತಪಾತವಿಲ್ಲ. ಅಮೆರಿಕದ ದರ್ಜೆ ಮಂಡಳಿ ಇದನ್ನು ಮಕ್ಕಳಿಂದ ಹಿಡಿದು ದೊಡ್ಡವರವರೆಗೆ ಎಲ್ಲರಿಗೂ ಸಲ್ಲುವ ಆಟವೆಂದು ಗುರುತಿಸಿತು. ವಿಮರ್ಶಕರು ಮಾತ್ರ ಇದನ್ನು ಮಕ್ಕಳ ಆಟವೆಂದು ರಿಯಾಯಿತಿ ಕೊಟ್ಟು ಅಳೆಯಲಿಲ್ಲ. ತಮ್ಮ ಅತ್ಯಂತ ಕಟ್ಟುನಿಟ್ಟಿನ ಅಳತೆಗೋಲನ್ನೇ ಹಿಡಿದರು.

ಅದುವರೆಗಿನ ಮುಖ್ಯ ಮಾರಿಯೊ ಆಟಗಳು ಎಡದಿಂದ ಬಲಕ್ಕೆ ಸಾಗುವ ಚಪ್ಪಟೆ ಚಿತ್ರಗಳಾಗಿದ್ದವು. 64ರಲ್ಲಿ ಮಾರಿಯೊ ಮೂರು ಆಯಾಮದ ಬಯಲಿಗೆ ಇಳಿದ. ಆಟ ಶುರುವಾಗುವುದು ರಾಜಕುಮಾರಿ ಪೀಚಳ ಕೋಟೆಯ ಅಂಗಳದಲ್ಲಿ. ಅಲ್ಲಿ ಶತ್ರುಗಳಿಲ್ಲ, ಗಡಿಯಾರದ ಅವಸರವಿಲ್ಲ. ಮರ ಹತ್ತಬಹುದು, ಕಂದಕದ ನೀರಲ್ಲಿ ಈಜಬಹುದು, ಸುಮ್ಮನೆ ಪಲ್ಟಿ ಹೊಡೆಯಬಹುದು. ಹೊಸಬರು ಆಟದ ಪಟ್ಟುಗಳನ್ನು ಭಯವಿಲ್ಲದೆ ಕಲಿತುಕೊಳ್ಳಲಿ ಎಂದು ಬಿಟ್ಟ ಜಾಗ ಅದು. ಎಳೆಯರನ್ನೂ ನುರಿತವರನ್ನೂ ಒಂದೇ ಬಾಗಿಲಿನಿಂದ ಒಳಗೆ ಕರೆದುಕೊಂಡ ಆ ಅಂಗಳವೇ ಈ ಆಟದ ದೊಡ್ಡ ಸಾಧನೆ ಎನ್ನಬೇಕು. ಒಳಗೆ 15 ಲೋಕಗಳು, ಒಟ್ಟು 120 ನಕ್ಷತ್ರಗಳು. ಆದರೆ 70 ಕೂಡಿಸಿದರೆ ಕತೆಯ ಕೊನೆ ಮುಟ್ಟಬಹುದು. ಯಾವ ನಕ್ಷತ್ರ ಮೊದಲು, ಯಾವುದು ಆಮೇಲೆ ಎಂಬುದು ಬಹುಮಟ್ಟಿಗೆ ಆಡುವವರ ಇಷ್ಟ.

1995ರ ನವೆಂಬರ್‌ನಲ್ಲಿ ಜಪಾನಿನ ಶೋಶಿನ್‌ಕಾಯ್ ಮೇಳದಲ್ಲಿ ಅರೆಬೆಂದ ರೂಪದಲ್ಲೇ ಆಡಲು ಸಿಕ್ಕಿದ್ದ ಈ ಆಟದ ಬಗ್ಗೆ ನಿರೀಕ್ಷೆ ಬೆಟ್ಟದಷ್ಟಿತ್ತು. ಬಿಡುಗಡೆಯಾದ ಮೇಲೆ ಬಂದ ವಿಮರ್ಶೆಗಳು ಅದನ್ನೂ ಮೀರಿದವು. ಜಪಾನಿನ ಫಾಮಿತ್ಸು ಪತ್ರಿಕೆ 40ಕ್ಕೆ 39 ಅಂಕ ಕೊಟ್ಟಿತು. ಬ್ರಿಟನ್ನಿನ ಎಡ್ಜ್ 1993ರಲ್ಲಿ ಹುಟ್ಟಿದ ಪತ್ರಿಕೆ, ಅಂಕ ಕೊಡುವುದರಲ್ಲಿ ಕೈ ಬಿಗಿ. ಅದು ತನ್ನ ಮೊಟ್ಟಮೊದಲ ಹತ್ತಕ್ಕೆ ಹತ್ತನ್ನು ಕೊಟ್ಟಿದ್ದು ಈ ಆಟಕ್ಕೆ. ಅಮೆರಿಕದ ನೆಕ್ಸ್ಟ್ ಜನರೇಷನ್ ಅದೇ ವರ್ಷ ತನ್ನ ಸಾರ್ವಕಾಲಿಕ 100 ಆಟಗಳ ಪಟ್ಟಿಯ ತಲೆಯಲ್ಲಿ ಇದನ್ನು ಕೂರಿಸಿತು. ಐಜಿಎನ್ 9.8, ಗೇಮ್‌ಸ್ಪಾಟ್ 9.4 ಅಂಕ ಕೊಟ್ಟವು. ವಿಮರ್ಶೆಗಳನ್ನು ಒಟ್ಟುಗೂಡಿಸುವ ಮೆಟಾಕ್ರಿಟಿಕ್‌ನಲ್ಲಿ ಇದರ ಸರಾಸರಿ ನೂರಕ್ಕೆ 94.

ಚಿತ್ರಗಳ ಹೊಳಪನ್ನು ಎಲ್ಲರೂ ಹೊಗಳಿದರು. ಆದರೆ ವಿಮರ್ಶೆಗಳಲ್ಲಿ ನಿಜವಾದ ಬೆರಗು ಕಾಣುವುದು ಮಾರಿಯೊನ ಚಲನೆಯ ಬಗ್ಗೆ ಬರೆದಲ್ಲಿ. ಕಂಟ್ರೋಲರಿನ ನಡುವಿನ ಪುಟ್ಟ ಕಡ್ಡಿಯನ್ನು ಸ್ವಲ್ಪ ತಳ್ಳಿದರೆ ಅವನು ತುದಿಗಾಲಲ್ಲಿ ನಡೆಯುತ್ತಾನೆ, ಪೂರ್ತಿ ತಳ್ಳಿದರೆ ಓಡುತ್ತಾನೆ. ಬೆರಳಿನ ಒತ್ತಡ ನೇರವಾಗಿ ನಡಿಗೆಯಾಗುವುದನ್ನು ಹಿಂದಿನ ಗುಂಡಿಗಳಲ್ಲಿ ಯಾರೂ ಕಂಡಿರಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಪ್ಲೇಸ್ಟೇಷನ್‌ಗೆ ಬಂದ ಕ್ರ್ಯಾಶ್ ಬ್ಯಾಂಡಿಕೂಟ್ ಕೂಡ ಮೂರು ಆಯಾಮದ್ದೇ, ಆದರೆ ಅದು ಇಕ್ಕಟ್ಟಾದ ದಾರಿಯೊಳಗೇ ಓಡುವ ಆಟ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಾರಿಯೊನ ಬಯಲು ಎಷ್ಟು ದೊಡ್ಡದೆಂಬುದು ಎದ್ದು ಕಾಣುತ್ತಿತ್ತು.

ತಕರಾರೂ ಮೊದಲ ದಿನದಿಂದಲೇ ಇತ್ತು, ಅದು ಕ್ಯಾಮೆರಾದ ಮೇಲೆ. ಆಟದ ಕತೆಯ ಪ್ರಕಾರ ಲಾಕಿಟು ಎಂಬ ಪಾತ್ರ ಮೋಡದ ಮೇಲೆ ಕೂತು ಮಾರಿಯೊನನ್ನು ಚಿತ್ರೀಕರಿಸುತ್ತ ಹಿಂದೆಯೇ ತೇಲುತ್ತಿರುತ್ತದೆ. ‘ನೋಡುವ ಕಣ್ಣು ಯಾರದು’ ಎಂಬ ಹೊಸ ಸಮಸ್ಯೆಯನ್ನು ಮಕ್ಕಳಿಗೂ ಅರ್ಥವಾಗುವಂತೆ ಹೇಳಿದ ಜಾಣ ಉಪಾಯ ಇದು. ಆದರೆ ಗೋಡೆಯ ಮೂಲೆಗಳಲ್ಲಿ, ಇಕ್ಕಟ್ಟಾದ ಜಾಗಗಳಲ್ಲಿ ಆ ಕ್ಯಾಮೆರಾ ಸಿಕ್ಕಿಹಾಕಿಕೊಳ್ಳುತ್ತಿತ್ತು. ಜಿಗಿತದ ಗುರಿಯೇ ಕಾಣದೆ ಮಾರಿಯೊ ಪ್ರಪಾತಕ್ಕೆ ಬೀಳುತ್ತಿದ್ದ. 1996ರ ವಿಮರ್ಶಕರು ಇದನ್ನು ಹೊಸ ದಾರಿ ತುಳಿದವರಿಗೆ ತಪ್ಪದ ತೊಡಕೆಂದು ಬಗೆದು ಮುಂದೆ ಹೋದರು. ಮಿಯಾಮೊಟೊ ಅವರ ಬಳಗವೇ 1998ರ ಝೆಲ್ಡಾ ಆಟ ‘ಒಕರೀನಾ ಆಫ್ ಟೈಮ್’ನಲ್ಲಿ ಎದುರಾಳಿಯ ಮೇಲೆ ನೋಟವನ್ನು ಕೀಲಿಸುವ ಗುಂಡಿಯೊಂದನ್ನು ತಂದಿತು. ಕ್ಯಾಮೆರಾದ ಪ್ರಶ್ನೆಗೆ ಸಿಕ್ಕ ಮೊದಲ ಗಟ್ಟಿ ಉತ್ತರಗಳಲ್ಲಿ ಅದೊಂದು.

ಆ ಬಗೆಯ ಪರಿಹಾರಗಳು ರೂಢಿಯಾದಂತೆ ಹಳೆಯ ತೊಡಕಿನ ಬಗ್ಗೆ ಸಹನೆಯೂ ಕಡಿಮೆಯಾಯಿತು. ಗೇಮ್ ಇನ್ಫಾರ್ಮರ್ ಪತ್ರಿಕೆ ಮೊದಲು ಕೊಟ್ಟಿದ್ದ 9.75 ಅಂಕವನ್ನು 2007ರ ಮರುವಿಮರ್ಶೆಯಲ್ಲಿ 9ಕ್ಕೆ ಇಳಿಸಿತು. ಇಂದಿನ ಲೆಕ್ಕದಲ್ಲಿ ಆ ಕ್ಯಾಮೆರಾ ಕೆಟ್ಟುಹೋದದ್ದೆಂದೇ ಅನ್ನಿಸುತ್ತದೆ ಎಂಬುದು ಅದರ ಅಭಿಪ್ರಾಯವಾಗಿತ್ತು. ಈ ಇಳಿಕೆ ನ್ಯಾಯವೆನಿಸುವುದಿಲ್ಲ. ಆ ಹೊಸ ಅಳತೆ ಹುಟ್ಟಿದ್ದೇ ಈ ಆಟದ ಎಡವಟ್ಟುಗಳಿಂದ ಪಾಠ ಕಲಿತವರ ಕೈಯಲ್ಲಿ.

2004ರಲ್ಲಿ ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಡಿಎಸ್‌ಗೆ ಈ ಆಟದ ಹೊಸ ರೂಪ ಬಂತು. ನಕ್ಷತ್ರಗಳು 150 ಆದವು; ಯೋಶಿ, ಲುಯಿಗಿ, ವಾರಿಯೊ ಎಂಬ ಪಾತ್ರಗಳು ಮಾರಿಯೊನ ಜೊತೆಗೂಡಿದವು. ಮೆಟಾಕ್ರಿಟಿಕ್ ಸರಾಸರಿ ಮಾತ್ರ 85ಕ್ಕೆ ಇಳಿಯಿತು. ಕಾರಣ ಸರಳ: ಡಿಎಸ್‌ನಲ್ಲಿ ಆ ಪುಟ್ಟ ಕಡ್ಡಿಯೇ ಇರಲಿಲ್ಲ. 1996ರ ಬೆರಗು ಎಲ್ಲಿ ನೆಲೆಸಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮೂಲ ಆಟದ ಸುಮಾರು 1.19 ಕೋಟಿ ಪ್ರತಿಗಳು ಮಾರಾಟವಾದವು. ನಿಂಟೆಂಡೊ 64ರಲ್ಲಿ ಇಷ್ಟು ಮಾರಿದ ಆಟ ಬೇರೊಂದಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಸ್ವಿಚ್ ಕನ್ಸೋಲಿಗೆ ಬಂದ ‘ಸೂಪರ್ ಮಾರಿಯೊ 3ಡಿ ಆಲ್-ಸ್ಟಾರ್ಸ್’ ಸಂಪುಟದಲ್ಲಿ ಇದಕ್ಕೆ ಮೊದಲ ಸ್ಥಾನ ಸಿಕ್ಕಿತು. ವಿಮರ್ಶಕರು ಆಟವನ್ನು ಮತ್ತೆ ಮೆಚ್ಚಿದರು, ಆದರೆ ಅದನ್ನು ತಂದ ರೀತಿಗೆ ಮುನಿದರು. ಹಳೆಯ ಟಿವಿಯ ಚೌಕಟ್ಟಿನಲ್ಲೇ ಉಳಿದ ಚಿತ್ರ, 2021ರ ಮಾರ್ಚ್ 31ಕ್ಕೆ ಮಾರಾಟ ನಿಲ್ಲಿಸುವ ನಿರ್ಧಾರ, ಇವೆಲ್ಲ ಟೀಕೆಗೆ ಗುರಿಯಾದವು. ಕ್ಯಾಮೆರಾ ತಿರುಗುವ ದಿಕ್ಕನ್ನು ಅದಲುಬದಲು ಮಾಡುವ ಆಯ್ಕೆ ಇಲ್ಲವೆಂದು ಆಟಗಾರರು ದೂರಿದರು. ಎರಡು ತಿಂಗಳೊಳಗೆ, ನವೆಂಬರ್‌ನಲ್ಲಿ, ನಿಂಟೆಂಡೊ ಆ ಆಯ್ಕೆಯನ್ನು ಸೇರಿಸಿತು.