ಆಕ್ಸ್‌ಫರ್ಡ್ ಬಾಗಿಲಲ್ಲಿ ಕ್ಯಾಥೊಲಿಕರು

ವಿಶ್ವವಿದ್ಯಾಲಯಕ್ಕೆ ಮಗನನ್ನು ಕಳುಹಿಸುವುದು ಅವನ ಆತ್ಮಕ್ಕೆ ಅಪಾಯ ಎಂದು ಬಿಷಪರೇ ಎಚ್ಚರಿಸಿದರೆ ತಂದೆತಾಯಿ ಏನು ಮಾಡಬೇಕು? 1867ರಲ್ಲಿ ಇಂಗ್ಲೆಂಡಿನ ಸ್ಥಿತಿವಂತ ಕ್ಯಾಥೊಲಿಕ್ ಕುಟುಂಬಗಳ ಎದುರು ನಿಂತಿದ್ದ ಪ್ರಶ್ನೆ ಇದು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಬಾಗಿಲು ಅವರಿಗೆ 273 ವರ್ಷಗಳ ಬಳಿಕ ತೆರೆದು ಆಗಿನ್ನೂ 13 ವರ್ಷವಾಗಿತ್ತಷ್ಟೆ. ಸರ್ಕಾರ ತೆರೆದ ಬಾಗಿಲನ್ನು ಈ ಸಲ ಮುಚ್ಚಿದ್ದು ಅವರದೇ ಧರ್ಮಸಭೆ.

ಇಂದು ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಕ್ಯಾಥೊಲಿಕ್ ವಿದ್ಯಾರ್ಥಿಗಳಿಗಾಗಿ ಒಬ್ಬ ಪಾದ್ರಿ, ಒಂದು ಪ್ರಾರ್ಥನಾ ಮಂದಿರ, ಕೂಡಿ ಕುಳಿತು ಮಾತನಾಡಲು ಒಂದೆರಡು ಕೊಠಡಿಗಳು ಇರುತ್ತವೆ. ಈ ವ್ಯವಸ್ಥೆಗೆ ‘ಚಾಪ್ಲಿನ್ಸಿ’ ಎಂದೂ, ಅದನ್ನು ನಡೆಸುವ ಪಾದ್ರಿಗೆ ‘ಚಾಪ್ಲಿನ್’ ಎಂದೂ ಹೆಸರು. ಸಹಜವೆಂಬಂತೆ ಕಾಣುವ ಈ ಏರ್ಪಾಡು ಆಕ್ಸ್‌ಫರ್ಡಿನಲ್ಲಿ ಸುಲಭವಾಗಿ ಹುಟ್ಟಿದ್ದಲ್ಲ. ಭಯ, ಹಟ ಮತ್ತು ರಾಜಿಗಳ ನಡುವೆ ರೂಪುಗೊಂಡದ್ದು.

ಸಹಿಯ ಗೋಡೆ

ಮಧ್ಯಯುಗದ ಆಕ್ಸ್‌ಫರ್ಡ್ ಕ್ಯಾಥೊಲಿಕ್ ವಿದ್ಯಾಕೇಂದ್ರವೇ ಆಗಿತ್ತು. ಡೊಮಿನಿಕನ್ ಸನ್ಯಾಸಿಗಳು 1221ರಲ್ಲಿಯೇ ಅಲ್ಲಿಗೆ ಬಂದು ನೆಲೆಸಿದ್ದರು. 16ನೇ ಶತಮಾನದಲ್ಲಿ ಇಂಗ್ಲೆಂಡಿನ ರಾಜಸತ್ತೆ ರೋಮಿನ ಪೋಪರ ಅಧಿಕಾರವನ್ನು ಕಿತ್ತೊಗೆದಾಗ ಎಲ್ಲವೂ ಬದಲಾಯಿತು.

ಈ ಬದಲಾವಣೆಯ ಬಿಸಿ ಎಷ್ಟಿತ್ತು ಎಂಬುದಕ್ಕೆ ಎಡ್ಮಂಡ್ ಕ್ಯಾಂಪಿಯನ್ ಅವರ ಬದುಕೇ ಸಾಕ್ಷಿ. ಸೇಂಟ್ ಜಾನ್ಸ್ ಕಾಲೇಜಿನ ಈ ಪ್ರತಿಭಾವಂತ 1566ರಲ್ಲಿ ರಾಣಿ ಒಂದನೇ ಎಲಿಜಬೆತ್ ಆಕ್ಸ್‌ಫರ್ಡಿಗೆ ಬಂದಾಗ ಆಕೆಯ ಮುಂದೆ ಮಾತನಾಡಿ ಮೆಚ್ಚುಗೆ ಗಳಿಸಿದ್ದರು. ಮುಂದೆ ದೇಶ ಬಿಟ್ಟು ಯೇಸುಸಭೆಯ ಪಾದ್ರಿಯಾಗಿ ಗುಟ್ಟಾಗಿ ಮರಳಿದರು. 1581ರ ಜೂನ್‌ನಲ್ಲಿ ವಿಶ್ವವಿದ್ಯಾಲಯದ ಸೇಂಟ್ ಮೇರಿ ಚರ್ಚಿಗೆ ಬಂದವರಿಗೆ ಬೆಂಚುಗಳ ಮೇಲೆ ಕ್ಯಾಂಪಿಯನ್ ಬರೆದ, ಗುಟ್ಟಾಗಿ ಅಚ್ಚಾದ ಪುಸ್ತಿಕೆಗಳು ಕಂಡವು. ಅದೇ ವರ್ಷ ಡಿಸೆಂಬರ್ 1ರಂದು ಲಂಡನ್ನಿನ ಟೈಬರ್ನ್‌ನಲ್ಲಿ ಅವರಿಗೆ ಮರಣದಂಡನೆಯಾಯಿತು.

ಅದೇ 1581ರಲ್ಲಿ ಆಕ್ಸ್‌ಫರ್ಡ್ ಹೊಸ ನಿಯಮವೊಂದನ್ನು ತಂದಿತು. ಪ್ರವೇಶ ಬಯಸುವ ವಿದ್ಯಾರ್ಥಿ ಚರ್ಚ್ ಆಫ್ ಇಂಗ್ಲೆಂಡಿನ 39 ಧರ್ಮಸೂತ್ರಗಳಿಗೆ ಸಹಿ ಹಾಕಬೇಕು. ಪೋಪರ ಅಧಿಕಾರವನ್ನು ಅಲ್ಲಗಳೆಯುವ ಈ ಸೂತ್ರಗಳಿಗೆ ನಿಷ್ಠ ಕ್ಯಾಥೊಲಿಕನೊಬ್ಬ ಸಹಿ ಹಾಕುವಂತಿರಲಿಲ್ಲ. ಕತ್ತಿ ಗಲ್ಲುಗಳ ಕಾಲ ಮುಗಿದ ಮೇಲೂ ಈ ಸಹಿಯ ಗೋಡೆ ಉಳಿಯಿತು. 1829ರ ಕಾಯ್ದೆ ಕ್ಯಾಥೊಲಿಕರಿಗೆ ಸಂಸತ್ತಿನ ಬಾಗಿಲು ತೆರೆದರೂ ಆಕ್ಸ್‌ಫರ್ಡ್ ತೆರೆಯಲಿಲ್ಲ. 1854ರ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಕಾಯ್ದೆ ಪ್ರವೇಶಕ್ಕೂ ಬಿ.ಎ. ಪದವಿಗೂ ಈ ಸಹಿಯ ಅಗತ್ಯವಿಲ್ಲವೆಂದಿತು. ಉಳಿದ ಬಹುತೇಕ ಧಾರ್ಮಿಕ ನಿರ್ಬಂಧಗಳು 1871ರಲ್ಲಿ ರದ್ದಾದವು.

ಇಬ್ಬರು ಆಕ್ಸ್‌ಫರ್ಡಿಗರು

ಇಲ್ಲಿಂದ ಮುಂದಿನ ಕಥೆ ಇಬ್ಬರ ಸುತ್ತ ತಿರುಗುತ್ತದೆ. ಜಾನ್ ಹೆನ್ರಿ ನ್ಯೂಮನ್ ಮತ್ತು ಹೆನ್ರಿ ಎಡ್ವರ್ಡ್ ಮ್ಯಾನಿಂಗ್ ಇಬ್ಬರೂ ಆಕ್ಸ್‌ಫರ್ಡಿನಲ್ಲಿ ಓದಿದವರು. ಇಬ್ಬರೂ ಆಂಗ್ಲಿಕನ್ ಪಾದ್ರಿಗಳಾಗಿದ್ದು ನಂತರ ಕ್ಯಾಥೊಲಿಕರಾದವರು. ಇಬ್ಬರೂ ಮುಂದೆ ಕಾರ್ಡಿನಲ್ ಪದವಿಗೇರಿದರು. ಆದರೆ ಕ್ಯಾಥೊಲಿಕ್ ಯುವಕರು ಆಕ್ಸ್‌ಫರ್ಡಿಗೆ ಹೋಗಬೇಕೇ ಎಂಬ ಪ್ರಶ್ನೆಯಲ್ಲಿ ಒಬ್ಬರದು ಉತ್ತರಕ್ಕೆ ಮುಖವಾದರೆ ಇನ್ನೊಬ್ಬರದು ದಕ್ಷಿಣಕ್ಕೆ.

ನ್ಯೂಮನ್ 1828ರಿಂದ 1843ರವರೆಗೆ ಸೇಂಟ್ ಮೇರಿ ಚರ್ಚಿನ ವಿಕಾರ್ ಆಗಿದ್ದರು. ಕ್ಯಾಂಪಿಯನ್ನರ ಪುಸ್ತಿಕೆಗಳು ಸಿಕ್ಕಿದ ಚರ್ಚ್ ಇದೇ. ಅವರ ಪ್ರವಚನ ಕೇಳಲು ವಿದ್ಯಾರ್ಥಿಗಳು ನೆರೆಯುತ್ತಿದ್ದರು. 1845ರ ಅಕ್ಟೋಬರ್ 9ರಂದು ಊರಾಚೆಯ ಲಿಟ್ಲ್‌ಮೋರ್‌ನಲ್ಲಿ ಅವರು ಕ್ಯಾಥೊಲಿಕ್ ಸಭೆ ಸೇರಿದರು. ಮರುವರ್ಷ ಆಕ್ಸ್‌ಫರ್ಡ್ ಬಿಟ್ಟವರು 32 ವರ್ಷ ಅತ್ತ ಕಾಲಿಡಲಿಲ್ಲ. ಅಷ್ಟೂ ಕಾಲ ರೈಲಿನ ಕಿಟಕಿಯಿಂದ ಕಂಡ ಗೋಪುರಗಳೇ ಅವರ ಪಾಲಿನ ಆಕ್ಸ್‌ಫರ್ಡ್.

ಆದರೂ ಆಕ್ಸ್‌ಫರ್ಡನ್ನು ಅವರು ಮರೆಯಲಿಲ್ಲ. ಬಿಷಪ್ ಅಲ್ಲಾಥಾರ್ನ್ 1864ರಲ್ಲಿ ಆಕ್ಸ್‌ಫರ್ಡಿನ ಧರ್ಮಕಾರ್ಯ ವಹಿಸಿಕೊಳ್ಳುವಂತೆ ಕೇಳಿದಾಗ ನ್ಯೂಮನ್ ಅಲ್ಲಿ ಐದು ಎಕರೆಯ ನಿವೇಶನವನ್ನೇ ಕೊಂಡರು. ತಮ್ಮ ‘ಆರೆಟರಿ’ ಪಂಥದ ಪಾದ್ರಿಗಳ ಶಾಖೆಯೊಂದನ್ನು ಅಲ್ಲಿ ಸ್ಥಾಪಿಸುವುದು ಅವರ ಆಸೆಯಾಗಿತ್ತು. ಹುಡುಗರು ಹೇಗೂ ಲೋಕದಲ್ಲಿಯೇ ಬಾಳಬೇಕಾದವರು. ಲೋಕವನ್ನು ಎದುರಿಸುವ ತರಬೇತಿಗೆ ವಿಶ್ವವಿದ್ಯಾಲಯವೇ ತಕ್ಕ ಜಾಗ ಎಂಬುದು ಅವರ ವಾದದ ತಿರುಳು.

1865ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನ ಆರ್ಚ್‌ಬಿಷಪರಾದ ಮ್ಯಾನಿಂಗ್ ಇದನ್ನು ಒಪ್ಪಲಿಲ್ಲ. ಅವರ ಹೆದರಿಕೆ ಆಧಾರವಿಲ್ಲದ್ದೇನೂ ಆಗಿರಲಿಲ್ಲ. ಡಾರ್ವಿನ್ನರ ವಿಕಾಸವಾದದ ಬಗ್ಗೆ ಬಿಷಪ್ ವಿಲ್ಬರ್‌ಫೋರ್ಸ್ ಹಾಗೂ ವಿಜ್ಞಾನಿ ಹಕ್ಸ್‌ಲಿ ಬಹಿರಂಗವಾಗಿ ಜಟಾಪಟಿ ನಡೆಸಿದ್ದು 1860ರಲ್ಲಿ, ಇದೇ ಆಕ್ಸ್‌ಫರ್ಡಿನಲ್ಲಿ. ಆಂಗ್ಲಿಕನ್ ವಿದ್ವಾಂಸರೇ ಬೈಬಲ್ಲನ್ನು ಪ್ರಶ್ನಿಸತೊಡಗಿದ್ದ ಕಾಲವದು. ಅಲ್ಲಿಗೆ ಹೋದ ಹುಡುಗ ಪ್ರಾಟೆಸ್ಟಂಟನಾಗುವುದಕ್ಕಿಂತ ಯಾವ ಧರ್ಮಕ್ಕೂ ಸಲ್ಲದವನಾದಾನು ಎಂಬುದೇ ಹೆಚ್ಚಿನ ಚಿಂತೆಯಾಗಿತ್ತು. ಜೊತೆಗೆ, ನ್ಯೂಮನ್ನರಂಥ ಹೆಸರಾಂತ ವ್ಯಕ್ತಿ ಅಲ್ಲಿದ್ದರೆ ಅದೇ ಆಹ್ವಾನವಾಗಿಬಿಡುತ್ತದೆ ಎಂಬ ಶಂಕೆ ಬೇರೆ.

ನ್ಯೂಮನ್ ಕೊಂಡ ನಿವೇಶನವನ್ನು ಮಾರಬೇಕಾಯಿತು. 1866ರಲ್ಲಿ ಎರಡನೆಯ ಯತ್ನ ನಡೆಯಿತು. ರೋಮ್ ಆರೆಟರಿಗೆ ಒಪ್ಪಿಗೆ ಕೊಟ್ಟಿತಾದರೂ ನ್ಯೂಮನ್ ಸ್ವತಃ ಅಲ್ಲಿ ನೆಲೆಸಬಾರದೆಂಬ ಗುಪ್ತ ಸೂಚನೆಯೂ ಅದರೊಂದಿಗಿತ್ತು. ಈ ಸಂಗತಿ ತಿಳಿದ ಮೇಲೆ 1867ರಲ್ಲಿ ಅವರು ಯೋಜನೆಯನ್ನೇ ಕೈಬಿಟ್ಟರು. ಅದೇ ವರ್ಷ ರೋಮಿನ ಆದೇಶದಂತೆ ಬಿಷಪರು ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಿಗೆ ಮಕ್ಕಳನ್ನು ಕಳುಹಿಸಬಾರದೆಂದು ಕ್ಯಾಥೊಲಿಕರಿಗೆ ಎಚ್ಚರಿಕೆ ನೀಡಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಂತಾಯಿತು ಸ್ಥಿತಿ.

ಸ್ವಂತ ಕಾಲೇಜಿನ ಕನಸು

ನಿಷೇಧಿಸಿದ ಮೇಲೆ ಪರ್ಯಾಯ ಒದಗಿಸಬೇಕಲ್ಲ? ಮ್ಯಾನಿಂಗ್ 1874ರಲ್ಲಿ ಲಂಡನ್ನಿನ ಕೆನ್ಸಿಂಗ್ಟನ್‌ನಲ್ಲಿ ಕ್ಯಾಥೊಲಿಕ್ ವಿಶ್ವವಿದ್ಯಾಲಯ ಕಾಲೇಜೊಂದನ್ನು ಸ್ಥಾಪಿಸಿದರು. ವಿದ್ಯಾರ್ಥಿಗಳೂ ಬರಲಿಲ್ಲ, ಹಣವೂ ಕೂಡಲಿಲ್ಲ. ದಶಕ ತುಂಬುವ ಮೊದಲೇ ಅದು ಮುಚ್ಚಿತು. ಅದಕ್ಕೂ ಮುನ್ನ 1854ರಿಂದ 1858ರವರೆಗೆ ಡಬ್ಲಿನ್ನಿನ ಕ್ಯಾಥೊಲಿಕ್ ವಿಶ್ವವಿದ್ಯಾಲಯವನ್ನು ನಡೆಸಿದ್ದ ನ್ಯೂಮನ್ನರಿಗೂ ಇಂಥ ಕಷ್ಟದ ಅನುಭವವಿತ್ತು. ಪದವಿ ನೀಡುವ ಸರ್ಕಾರಿ ಸನ್ನದು ಆ ಸಂಸ್ಥೆಗೆ ಸಿಕ್ಕಿರಲಿಲ್ಲ.

ಕರ್ನಾಟಕದ ಓದುಗರಿಗೆ ಇದು ತುಸು ವಿಚಿತ್ರವಾಗಿ ಕಾಣಬಹುದು. ಮಂಗಳೂರಿನಲ್ಲಿ ಯೇಸುಸಭೆಯ ಪಾದ್ರಿಗಳು 1880ರಲ್ಲಿ ಆರಂಭಿಸಿದ ಸೇಂಟ್ ಅಲೋಶಿಯಸ್ ಕಾಲೇಜು ಬೇರೂರಿ ಬೆಳೆಯಿತು. ಆದರೆ ಅಲ್ಲಿನ ವ್ಯವಸ್ಥೆ ಬೇರೆ. ಪಾಠ ಹೇಳುವುದು ಕಾಲೇಜು, ಪರೀಕ್ಷೆ ನಡೆಸಿ ಪದವಿ ಕೊಡುವುದು ದೂರದ ಮದ್ರಾಸ್ ವಿಶ್ವವಿದ್ಯಾಲಯ. ಇಂಗ್ಲೆಂಡಿನಲ್ಲಿ ಮಾತ್ರ ಶ್ರೀಮಂತರ ಮಕ್ಕಳಿಗೆ ಬೇಕಿದ್ದುದು ಬರಿಯ ಪದವಿಯಲ್ಲ, ಆಕ್ಸ್‌ಫರ್ಡ್ ಎಂಬ ಹೆಸರು ಮತ್ತು ಅಲ್ಲಿನ ಒಡನಾಟ. ಮುಂದೆ ಸಂಸದರು, ನ್ಯಾಯಾಧೀಶರು, ಅಧಿಕಾರಿಗಳು ಆಗುವವರು ಪರಸ್ಪರ ಪರಿಚಯವಾಗುತ್ತಿದ್ದುದೇ ಅಲ್ಲಿ. ಆ ಒಡನಾಟದಿಂದ ದೂರ ಉಳಿದ ಸಮುದಾಯ ಸಾರ್ವಜನಿಕ ಬದುಕಿನಲ್ಲಿಯೂ ಹಿಂದುಳಿಯಬೇಕಾಗಿತ್ತು.

ಷರತ್ತಿನ ಒಪ್ಪಿಗೆ

ನಿಷೇಧ 28 ವರ್ಷ ಉಳಿಯಿತು. ನ್ಯೂಮನ್ 1890ರಲ್ಲಿ, ಮ್ಯಾನಿಂಗ್ 1892ರಲ್ಲಿ ತೀರಿಕೊಂಡರು. ಮ್ಯಾನಿಂಗ್ ನಂತರ ಬಂದ ಹರ್ಬರ್ಟ್ ವಾನ್ ಅವರೂ ಹಿಂದೆ ನಿಷೇಧದ ಪರವಾಗಿದ್ದವರೇ. ಆದರೆ ಗಣ್ಯ ಗೃಹಸ್ಥರ ಮನವಿಗೆ ಅವರು ಮಣಿದರು. 1895ರಲ್ಲಿ, ಪೋಪ್ 13ನೇ ಲಿಯೋ ಅವರ ಕಾಲದಲ್ಲಿ, ರೋಮ್ ನಿಷೇಧವನ್ನು ಸಡಿಲಿಸಿತು.

ಒಪ್ಪಿಗೆ ಬಂದದ್ದು ಷರತ್ತಿನೊಂದಿಗೆ. ತತ್ತ್ವಶಾಸ್ತ್ರ, ಇತಿಹಾಸ, ಧರ್ಮ ಈ ವಿಷಯಗಳಲ್ಲಿ ಕ್ಯಾಥೊಲಿಕ್ ವಿದ್ವಾಂಸರಿಂದ ವಿದ್ಯಾರ್ಥಿಗಳಿಗೆ ನಿಯತವಾಗಿ ಉಪನ್ಯಾಸ ಕೊಡಿಸಬೇಕು. ಈ ಷರತ್ತು ಪಾಲಿಸಲು ಅಲ್ಲಿ ಯಾರಾದರೂ ಇರಬೇಕಲ್ಲ? ಹಾಗೆ 1896ರಲ್ಲಿ ಆಕ್ಸ್‌ಫರ್ಡಿಗೆ ಚಾಪ್ಲಿನ್ ನೇಮಕವಾಯಿತು. ಪ್ರತ್ಯೇಕ ಕಾಲೇಜೂ ಅಲ್ಲ, ಹುಡುಗರನ್ನು ಅವರ ಪಾಡಿಗೆ ಬಿಡುವುದೂ ಅಲ್ಲ, ನಡುವಿನ ಮೂರನೆಯ ದಾರಿ ಇದು. ಅದೇ ವರ್ಷ ಯೇಸುಸಭೆ ತನ್ನ ವಿದ್ಯಾರ್ಥಿಗಳಿಗಾಗಿ ಅಲ್ಲಿ ತೆರೆದ ನಿಲಯ ಮುಂದೆ ಕ್ಯಾಂಪಿಯನ್ ಹಾಲ್ ಎಂದು ಹೆಸರಾಯಿತು. ಡೊಮಿನಿಕನ್ನರು ಮೊದಲು ಬಂದ 700 ವರ್ಷಗಳ ತರುವಾಯ, 1921ರಲ್ಲಿ ಆಕ್ಸ್‌ಫರ್ಡಿಗೆ ಮರಳಿದರು.

ಅಮೆರಿಕದಲ್ಲಿ ಆ ಹೊತ್ತಿಗಾಗಲೇ ನ್ಯೂಮನ್ ಹೆಸರು ಕ್ಯಾಂಪಸ್ ತಲುಪಿತ್ತು ಎಂಬುದು ವಿಶೇಷ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕ್ಯಾಥೊಲಿಕ್ ವಿದ್ಯಾರ್ಥಿಗಳು 1893ರಲ್ಲಿಯೇ ‘ನ್ಯೂಮನ್ ಕ್ಲಬ್’ ಆರಂಭಿಸಿದ್ದರು. ಅಲ್ಲಿಂದ ಆ ಹೆಸರು ದೇಶದ ಉದ್ದಗಲಕ್ಕೂ ಹಬ್ಬಿತು.

ಪತ್ತೇದಾರಿ ಬರೆದ ಪಾದ್ರಿ

ಆಕ್ಸ್‌ಫರ್ಡಿನ ಚಾಪ್ಲಿನ್‌ಗಳಲ್ಲಿ ಹೆಚ್ಚು ಪ್ರಸಿದ್ಧರು ರೊನಾಲ್ಡ್ ನಾಕ್ಸ್. ಆಂಗ್ಲಿಕನ್ ಬಿಷಪರೊಬ್ಬರ ಮಗನಾದ ನಾಕ್ಸ್ 1917ರಲ್ಲಿ ಕ್ಯಾಥೊಲಿಕ್ ಆದರು. 1926ರ ಜನವರಿಯಲ್ಲಿ ಬಿಬಿಸಿ ರೇಡಿಯೊದಲ್ಲಿ ಅವರು ಲಂಡನ್ನಿನಲ್ಲಿ ದಂಗೆಯೆದ್ದಿದೆ ಎಂಬಂತೆ ತಮಾಷೆಯ ಸುದ್ದಿ ಓದಿದಾಗ ಕೇಳುಗರು ನಿಜವೆಂದೇ ನಂಬಿ ಗಾಬರಿಯಾಗಿದ್ದರು. ಅದೇ ವರ್ಷ ಅವರು ಚಾಪ್ಲಿನ್ ಆಗಿ ಸೇಂಟ್ ಆಲ್ಡೇಟ್ಸ್ ರಸ್ತೆಯ ‘ಓಲ್ಡ್ ಪ್ಯಾಲೆಸ್’ ಎಂಬ ಹಳೆಯ ಮನೆಗೆ ಬಂದರು. ಪತ್ತೇದಾರಿ ಕಾದಂಬರಿಗಳಿಂದ ಬರುತ್ತಿದ್ದ ಹಣ ಅವರ ಖರ್ಚಿಗೆ ಒದಗುತ್ತಿತ್ತು. ವಿದ್ಯಾರ್ಥಿಗಳಿಗೆ ಅವರು ಮಾಡಿದ ಭಾಷಣಗಳು ಮುಂದೆ ಪುಸ್ತಕಗಳಾದವು.

ಆದರೆ ನಾಕ್ಸ್ ಅವರ ಮನೆ ಹುಡುಗರ ಲೋಕ. ಆಕ್ಸ್‌ಫರ್ಡ್ 1920ರಲ್ಲಿಯೇ ಮಹಿಳೆಯರಿಗೆ ಪದವಿ ಕೊಡಲಾರಂಭಿಸಿದ್ದರೂ ಕ್ಯಾಥೊಲಿಕ್ ವಿದ್ಯಾರ್ಥಿನಿಯರ ವ್ಯವಸ್ಥೆ ಬೇರೆಯಾಗಿಯೇ ಇತ್ತು. ಬಾಗಿಲು ತೆರೆಯಬೇಕೆಂದು ಕಾದಿದ್ದ ಸಮುದಾಯವೂ ತನ್ನೊಳಗೆ ಒಂದು ಬಾಗಿಲನ್ನು ಮುಚ್ಚಿಟ್ಟಿತ್ತು ಎಂಬುದನ್ನು ಮರೆಯುವಂತಿಲ್ಲ. 1939ರಲ್ಲಿ ನಾಕ್ಸ್ ಹುದ್ದೆ ಬಿಟ್ಟು ಬೈಬಲ್ ಅನುವಾದದಲ್ಲಿ ತೊಡಗಿದರು.

ಎರಡನೇ ಮಹಾಯುದ್ಧದ ನಂತರ ಚಿತ್ರ ಬದಲಾಯಿತು. 1944ರ ಶಿಕ್ಷಣ ಕಾಯ್ದೆ ಮತ್ತು ಸರ್ಕಾರಿ ವಿದ್ಯಾರ್ಥಿವೇತನಗಳಿಂದಾಗಿ ಸಾಮಾನ್ಯ ಕ್ಯಾಥೊಲಿಕ್ ಕುಟುಂಬಗಳ ಮಕ್ಕಳೂ ಆಕ್ಸ್‌ಫರ್ಡಿಗೆ ಬರತೊಡಗಿದರು. 1959ರಿಂದ 1970ರವರೆಗೆ ಚಾಪ್ಲಿನ್ ಆಗಿದ್ದ ಮೈಕೆಲ್ ಹಾಲಿಂಗ್ಸ್ ಬಾಗಿಲನ್ನು ಸದಾ ತೆರೆದಿಟ್ಟವರೆಂದು ಹೆಸರಾದರು. ವಿದ್ಯಾರ್ಥಿಗಳಷ್ಟೇ ಅಲ್ಲ, ಮನೆಯಿಲ್ಲದವರೂ ಅಲ್ಲಿಗೆ ಬರಬಹುದಿತ್ತು. 1970ರ ದಶಕದ ಆದಿಯಲ್ಲಿ ಓಲ್ಡ್ ಪ್ಯಾಲೆಸ್ ಪಕ್ಕದಲ್ಲಿ ಹೊಸ ಕಟ್ಟಡ ಎದ್ದಿತು. 2007ರಲ್ಲಿ ಚಾಪ್ಲಿನ್ಸಿಯ ಹೊಣೆ ಯೇಸುಸಭೆಯ ಪಾದ್ರಿಗಳಿಗೆ ಬಂತು. 1581ರಲ್ಲಿ ಪುಸ್ತಿಕೆಯನ್ನು ಕದ್ದು ಹಂಚಬೇಕಾಗಿದ್ದ ಕ್ಯಾಂಪಿಯನ್ ಕೂಡ ಅದೇ ಸಭೆಯವರು.

ಮೂರನೆಯ ದಾರಿಯ ಫಲ

ಮ್ಯಾನಿಂಗ್ ಹೆದರಿದಂತೆ ನಂಬಿಕೆ ಕಳೆದುಕೊಂಡ ವಿದ್ಯಾರ್ಥಿಗಳು ಇರಲಿಲ್ಲವೆಂದಲ್ಲ. ಯಾವ ಚಾಪ್ಲಿನ್ಸಿಯೂ ಅದನ್ನು ಪೂರ್ತಿ ತಡೆಯಲಾರದು. ಆದರೆ 28 ವರ್ಷದ ನಿಷೇಧವೂ ಸಂಶಯಗಳಿಗೆ ಉತ್ತರ ಕೊಟ್ಟಿರಲಿಲ್ಲ. ಪ್ರಶ್ನೆ ಎದುರಾಗದಂತೆ ಹುಡುಗರನ್ನು ದೂರವಿಟ್ಟಿತ್ತು, ಅಷ್ಟೆ. ಕಾವಲಿಗೆಂದು ಬಂದ ಚಾಪ್ಲಿನ್ ಕಾಲ ಕಳೆದಂತೆ ಪ್ರಶ್ನೆಗಳ ನಡುವೆ ಜೊತೆಗಾರನಾದದ್ದು ಈ ಇತಿಹಾಸದ ಮುಖ್ಯ ತಿರುವು.

ನ್ಯೂಮನ್ ಅವರನ್ನು ಪೋಪ್ ಫ್ರಾನ್ಸಿಸ್ 2019ರ ಅಕ್ಟೋಬರ್ 13ರಂದು ಸಂತರೆಂದು ಘೋಷಿಸಿದರು. ಕೇರಳದ ಮರಿಯಂ ತ್ರೇಸ್ಯಾ ಅವರಿಗೂ ಅದೇ ದಿನ ಸಂತ ಪದವಿ ದೊರೆಯಿತು. 2025ರ ನವೆಂಬರ್ 1ರಂದು ಪೋಪ್ 14ನೇ ಲಿಯೋ ನ್ಯೂಮನ್ ಅವರಿಗೆ ಧರ್ಮಸಭೆಯ ಮಹಾಪಂಡಿತ ಸ್ಥಾನ ನೀಡಿದರು. ಆಕ್ಸ್‌ಫರ್ಡಿನಲ್ಲಿ ವಾಸಿಸಲು ಯಾರಿಗೆ ಅನುಮತಿ ಸಿಕ್ಕಿರಲಿಲ್ಲವೋ ಅವರೇ ಇಂದು ಕ್ಯಾಥೊಲಿಕ್ ಶಿಕ್ಷಣದ ಪಾಲಕ ಸಂತರಲ್ಲೊಬ್ಬರು. ಅವರು ಕೈಬಿಟ್ಟ ಯೋಜನೆಯೂ ವ್ಯರ್ಥವಾಗಲಿಲ್ಲ. 1990ರಲ್ಲಿ ಆರೆಟರಿಯ ಪಾದ್ರಿಗಳು ಆಕ್ಸ್‌ಫರ್ಡಿಗೆ ಬಂದು ಅಲ್ಲಿನ ಸೇಂಟ್ ಅಲೋಶಿಯಸ್ ಚರ್ಚನ್ನು ವಹಿಸಿಕೊಂಡರು. ನ್ಯೂಮನ್ ಆಸೆ ಕೈಗೂಡಲು 1867ರಿಂದ 123 ವರ್ಷ ಬೇಕಾಯಿತು.