ಮಾಮಾಡ್ ಉಗಿ ಎಂಜಿನ್‌ನ ಪುನರ್ನಿರ್ಮಾಣ

ಮಾಮಾಡ್ ಉಗಿ ಎಂಜಿನ್ ಎಂಬುದು ಇಂಗ್ಲೆಂಡಿನಲ್ಲಿ ತಯಾರಾದ, ನಿಜವಾದ ಉಗಿಯಿಂದಲೇ ಚಲಿಸುವ ಚಿಕ್ಕ ಉದ್ಯಾನ ರೈಲು ಎಂಜಿನ್. ಜೆಫ್ರಿ ಮಾಲಿನ್ಸ್ 1930ರ ದಶಕದಲ್ಲಿ ಆರಂಭಿಸಿದ ಮಾಮಾಡ್ ಸಂಸ್ಥೆಯು 1970ರ ದಶಕದ ಕೊನೆಯಲ್ಲಿ ಇದನ್ನು ಹೊರತಂದಿತು. ಬೆಲೆ ಕಡಿಮೆಯಿದ್ದುದರಿಂದ ಅನೇಕರು ಈ ಹವ್ಯಾಸಕ್ಕೆ ಇದರ ಮೂಲಕವೇ ಪ್ರವೇಶಿಸಿದರು. ಮೂಲರೂಪದಲ್ಲಿ ಇದರ ಶಕ್ತಿ ಅಲ್ಪ. ಹಾಗಾಗಿ ಇದನ್ನು ಬಿಚ್ಚಿ ಮಾರ್ಪಡಿಸುವುದೇ ಒಂದು ಹವ್ಯಾಸವಾಗಿದೆ.

ಸಿಲಿಂಡರ್

ಇದರಲ್ಲಿ ಪ್ರತ್ಯೇಕ ಕವಾಟಗಳಿಲ್ಲ. ಸಿಲಿಂಡರೇ ಒಂದು ಗೂಟದ ಮೇಲೆ ಓಲಾಡುತ್ತ, ತನ್ನ ರಂಧ್ರವನ್ನು ಸ್ಥಿರ ಫಲಕದ ಉಗಿ ಮತ್ತು ನಿಷ್ಕಾಸ ರಂಧ್ರಗಳಿಗೆ ಸರದಿಯಂತೆ ಹೊಂದಿಸುತ್ತದೆ. ಎರಡನ್ನೂ ಒತ್ತಿ ಹಿಡಿಯುವುದು ಒಂದು ಸ್ಪ್ರಿಂಗ್ ಮಾತ್ರ. ಸ್ಪ್ರಿಂಗನ್ನು ಬದಲಿಸದೆ ಬಾಯ್ಲರಿನ ಒತ್ತಡವನ್ನಷ್ಟೇ ಹೆಚ್ಚಿಸಿದರೆ ಸಿಲಿಂಡರ್ ಫಲಕದಿಂದ ಮೇಲೆದ್ದು ಉಗಿ ಸೋರುತ್ತದೆ. ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಆದ್ದರಿಂದ ಮೊದಲು ಫಲಕಗಳನ್ನು ಗಾಜಿನ ಮೇಲಿಟ್ಟ ನಯವಾದ ಉಜ್ಜುಕಾಗದದಲ್ಲಿ ಉಜ್ಜಿ ಸಮತಟ್ಟಾಗಿಸಬೇಕು.

ಇಂಧನ ಮತ್ತು ಬಾಯ್ಲರ್

ಮೂಲ ಎಂಜಿನ್ ಘನ ಇಂಧನದ ಬಿಲ್ಲೆಗಳಿಂದ ಉರಿಯುತ್ತದೆ. ಅದರ ಬದಲು ಸ್ಪಿರಿಟ್ ಅಥವಾ ಬ್ಯೂಟೇನ್ ಅನಿಲದ ಒಲೆಯನ್ನು ಅಳವಡಿಸುವುದು ಸಾಮಾನ್ಯ. ಅನಿಲದ ಉರಿ ಬಿಲ್ಲೆಯಂತೆ ತಾನಾಗಿ ಮುಗಿಯುವುದಿಲ್ಲ. ನೀರು ಬತ್ತಿದ ಮೇಲೂ ಉರಿಯುತ್ತಿರಬಹುದು. ತವರ-ಸೀಸದ ಬೆಸುಗೆ ಸುಮಾರು 183 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗತೊಡಗುವುದರಿಂದ, ಅಂತಹ ಬಾಯ್ಲರಿಗೆ ಇದು ಅಪಾಯಕಾರಿ. ಬೆಳ್ಳಿ ಬೆಸುಗೆ 600 ಡಿಗ್ರಿಗೂ ಹೆಚ್ಚಿನ ಶಾಖವನ್ನು ತಾಳುತ್ತದೆ. ಹೊಸ ಬಾಯ್ಲರನ್ನು ಬಳಕೆಗೆ ಮುನ್ನ ತಣ್ಣೀರು ತುಂಬಿ, ಕಾರ್ಯ ಒತ್ತಡದ ದುಪ್ಪಟ್ಟು ಒತ್ತಡದಲ್ಲಿ ಪರೀಕ್ಷಿಸುವುದು ರೂಢಿ. ಇದಕ್ಕೆ ಗಾಳಿಯನ್ನು ಬಳಸಬಾರದು: ಸಂಕುಚಿತ ಗಾಳಿ ಸಿಡಿಯುತ್ತದೆ, ನೀರಾದರೆ ಬಿರುಕಿನಿಂದ ಚಿಮ್ಮಿದೊಡನೆ ಒತ್ತಡ ಇಳಿದುಹೋಗುತ್ತದೆ.